ಕೇಳಿ ನಡೆದ ದಾರಿ

"ಚಪ್ಪಲಿ ಹೊರಗೆ ಬಿಡ್ರೇ. ಊರಿನ ಗಾರೆಯೆಲ್ಲ ಮೆತ್ಕೊಂಡು ಬಂದುಬಿಡ್ತಾವೆ, ದರಿದ್ರ ಮುಂಡೇವು."

ಕಚೇರಿಯ ಜವಾನ ಹೀಗಂದದ್ದು ನನಗೂ ನನ್ನ ತಂಗಿಗೂ. ನಮ್ಮ ಹಿಂದೆಯೇ ಬಂದ ನಮ್ಮೂರ ಧಣಿಗಳ ಬೂಟಿನಲ್ಲಿ ನಮಗಿಂತ ಹೆಚ್ಚು ಕೆಸರಿತ್ತು. ಅವರಿಗೆ ಕುರ್ಚಿ ಸಿಕ್ಕಿತು. ನಾವು ಬರಿಗಾಲಲ್ಲಿ ಗೋಡೆ ಪಕ್ಕ ನಿಂತೆವು.

ಅಪ್ಪ ಬಿಟ್ಟುಹೋದ ತುಂಡು ಜಾಗವನ್ನು ಎರಡು ಮಾಡಿಸಬೇಕಿತ್ತು. ಗಂಡ ಹೊರಹಾಕಿದ ಮೇಲೆ ತಂಗಿ ಮಗಳನ್ನು ಕಟ್ಟಿಕೊಂಡು ನನ್ನ ಮನೆಯ ಮಗ್ಗುಲಲ್ಲಿ ತಗಡು ಹೊದಿಸಿಕೊಂಡು ಬದುಕುತ್ತಿದ್ದಾಳೆ. ಕಂಡವರ ಮನೆಗಳಿಗೆಲ್ಲ ಗಾರೆ ಕಲಸಿದವಳಿಗೆ ತನಗೊಂದು ಗೋಡೆ ಎಬ್ಬಿಸಲು ಅಪ್ಪಣೆಯಿಲ್ಲ. ಒಂದು ಜಾಗಕ್ಕೆ ಒಂದೇ ಮನೆಯಂತೆ. ಒಡೆದು ಎರಡು ಮಾಡೋಣವೆಂದರೆ ಸರ್ಕಾರಿ ರಸ್ತೆ ತಾಗಿರಬೇಕಂತೆ. ನಮಗೂ ರಸ್ತೆಗೂ ನಡುವೆ ಧಣಿಗಳ ತೋಟ ಮಲಗಿದೆ. ಅದಕ್ಕೇ ನಿಯಮದಿಂದ ವಿನಾಯಿತಿ ಬೇಡಿ ಅರ್ಜಿ ಹಾಕಿದ್ದೆವು. ಇವರಿಗೆ ದಾರಿಯಿದೆ ಎಂದು ಧಣಿಗಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ನಾನಿಲ್ವಾ? ನಿಮ್ಮಪ್ಪ ನನ್ನ ಬಲಗೈ ಇದ್ದ ಹಾಗಿದ್ದ. ಹೇಳ್ತೀನಿ ಹೋಗ್ರೇ" ಅಂದಿದ್ದರು. ಆ ಮಾತು ನಂಬಿ ಅವರ ಗೋದಾಮಿಗೆಲ್ಲ ಗಾರೆ ಮಾಡಿಕೊಟ್ಟೆವು. ಕೂಲಿಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

"ದಾರಿ ಎಲ್ಲಿದೆಯಮ್ಮ?" ಸಾಹೇಬರು ತಲೆ ಎತ್ತದೆ ಕೇಳಿದರು.

"ಧಣಿಗಳ ತೋಟದೊಳಗೆ ಸ್ವಾಮಿ. ನಮ್ಮಪ್ಪನ ಕಾಲದಿಂದ ನಡೀತಾ ಇದೀವಿ. ಅವರನ್ನೇ ಕೇಳಿ."

ಧಣಿಗಳು ನಕ್ಕರು. "ನಡೀತಾರೆ ಸಾರ್. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಬಿಟ್ಟರೆ ನಡೀತಾರೆ." ಆಮೇಲೆ ತಂಗಿಯ ಕಡೆ ತಿರುಗಿ, ಮಗುವನ್ನು ಮಾತಾಡಿಸುವಂತೆ ಕೇಳಿದರು: "ಗೇಟಿನ ಹತ್ರ ಬಂದಾಗ ಏನಂತೀಯಮ್ಮ ನೀನು?"

ನನ್ನ ತಂಗಿಗೆ ಕಪಟ ತಿಳಿಯದು. ಮರ್ಯಾದೆಯ ಪ್ರಶ್ನೆಯೆಂದುಕೊಂಡಳು.

"'ದಾಟ್ಕೊಳ್ತೀವಿ ಧಣೀ' ಅಂತೀನಿ. ನಮ್ಮಪ್ಪ ಕಲಿಸಿದ್ದು ಸ್ವಾಮಿ. ಕೇಳದೆ ಒಂದು ದಿನಾನೂ ಹೆಜ್ಜೆ ಇಟ್ಟಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. "ಕೇಳ್ಕೊಂಡು ನಡೆದ್ರೆ ಅದು ಹಕ್ಕಲ್ಲಮ್ಮ, ಅವರು ಮಾಡಿದ ಉಪಕಾರ. ಕೇಳದೆ ನಡೆದಿದ್ರೆ ನೋಡಬಹುದಿತ್ತು. ಅರ್ಜಿ ವಜಾ. ಮುಂದಿನವರು ಬನ್ನಿ."

ಮೆಟ್ಟಿಲ ಬಳಿ ಆ ಧಣಿ ನಮ್ಮನ್ನು ಕಾಯುತ್ತ ನಿಂತಿದ್ದ. "ಬೇಜಾರು ಮಾಡ್ಕೋಬೇಡ್ರೇ. ದಾರಿ ಇಲ್ಲದ ಜಾಗ ಇಟ್ಕೊಂಡು ಏನ್ ಮಾಡ್ತೀರ? ನನಗೇ ಕೊಟ್ಟುಬಿಡಿ. ಏನಾದ್ರೂ ನೋಡಿ ಕೊಡೋಣ."

ಅವನ ಕಾರು ಹೋದ ಮೇಲೆ ನಾನು ಉಗಿದೆ. "ಹಲ್ಕಾ ನನ್ಮಗ. ಬಿಟ್ಟಿ ದುಡಿದ ಕೈಗೇ ಕತ್ತಿ ಇಟ್ಟ."

"ನಾನೇ ಹಾಳು ಮಾಡಿದೆ ಅಲ್ವೇನಕ್ಕ" ಎಂದು ತಂಗಿ ಅತ್ತಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅಪ್ಪನ ಮೇಲೆ. ತಲೆ ಬಗ್ಗಿಸಿದರೆ ಯಾರೂ ಹೊಡೆಯುವುದಿಲ್ಲ ಎಂದು ಕಲಿಸಿದ್ದ, ಪಾಪ. ಬಗ್ಗಿಸಿದ ತಲೆಯ ಮೇಲೇ ಮೆಟ್ಟು ಇಡುತ್ತಾರೆ ಎಂದು ಅವನಿಗೆ ಯಾರು ಹೇಳಬೇಕಿತ್ತು?

ಸಂಜೆ ತೋಟದ ಗೇಟಿನ ಹತ್ತಿರ ಬಂದಾಗ ಧಣಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಅಭ್ಯಾಸಬಲದಿಂದ ತಂಗಿ ಬಾಯಿ ತೆರೆದಳು. ನಾನು ಅವಳ ಕೈ ಹಿಸುಕಿದೆ. ಅವಳು ಬಾಯಿ ಮುಚ್ಚಿದಳು. ಗೇಟು ತಳ್ಳಿ ಒಳಗೆ ನಡೆದೆವು.

"ಏಯ್, ಏನೂ ಕೇಳಿಸ್ಲಿಲ್ಲ?"

"ನಾವೇನೂ ಹೇಳ್ಲಿಲ್ಲ" ಅಂದೆ.

"ನಾಳೆಯಿಂದ ಬೀಗ ಹಾಕಿಸ್ತೀನಿ, ಬೋಸುಡೇರಾ. ಹೆಂಗೆ ದಾಟ್ತೀರೋ ನೋಡ್ತೀನಿ."

ನಾವು ತಿರುಗಿ ನೋಡಲಿಲ್ಲ. ಮನೆ ಸೇರುವಷ್ಟರಲ್ಲಿ ಆಗಲೇ ಹಿಂದೆ ಗೇಟಿಗೆ ಸರಪಳಿ ಎಳೆಯುವ ಸದ್ದು ಕೇಳಿತು. ತಂಗಿ ಕಣ್ಣೊರೆಸಿಕೊಂಡು, ತಗಡಿನಡಿ ಒರಗಿಸಿಟ್ಟಿದ್ದ ಅಪ್ಪನ ಹಾರೆಯನ್ನು ಎಳೆದು ತಂದು ಬಾಗಿಲಿಗೆ ಆನಿಸಿದಳು.

"ಬೆಳಿಗ್ಗೆ ಕೆಲಸಕ್ಕೆ ಹೋಗ್ಬೇಕಲ್ಲಕ್ಕ" ಅಂದಳು.