ಬೊಡ್ಡೆಯ ಮೇಲೆ ಕೂತವರು

"ಕುಂಡೆ ಊರು ಅಂದ್ರೆ ಊರ್ಬೇಕು ಮುದುಕಿ! ನಿನ್ನೇನು ಮೆರವಣಿಗೆಗೆ ಕರೆದಿದೀನಾ?"

ಗುತ್ತಿಗೆದಾರ ಹೀಗೆ ಅರಚಿದಾಗ ಮುದುಕಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಈ ಕಾಡಿನಲ್ಲಿ ದಿಮ್ಮಿಗಳ ತೊಗಟೆ ಸುಲಿಯುತ್ತಲೇ ಅವಳ ಕೂದಲು ನೆರೆತಿತ್ತು. ಬೆನ್ನು ನೋವೆಂದು ಒಂದು ಗಳಿಗೆ ಕೂತರೂ "ಇದೇನು ನಿಮ್ಮಪ್ಪನ ಮನೆಯೇನೇ" ಎಂದು ಬೈದ ಬಾಯಿ ಅದು. ಇವತ್ತು ಅದೇ ಬಾಯಿ ಕೂರು, ಕೂರು ಎಂದು ಜೀವ ತಿನ್ನುತ್ತಿತ್ತು.

ವಿಷಯ ಇಷ್ಟೇ. ಸರ್ಕಾರಿ ಕಾಡಿನಲ್ಲಿ ಕಡಿಯಲು ಗುರುತು ಹಾಕಿದ ಮರಗಳ ಜೊತೆಗೆ ಗುರುತಿಲ್ಲದ ಮರಗಳೂ ಲಾರಿ ಹತ್ತಿ ಹೋಗಿದ್ದವು. ಅದನ್ನು ನೋಡಲು ಇಲಾಖೆಗೂ ಸೇರದ, ಗುತ್ತಿಗೆದಾರನಿಗೂ ಸೇರದ ಸ್ವತಂತ್ರ ತನಿಖಾಧಿಕಾರಿ ಬರುವವರಿದ್ದರು. ಮರಗಳೇನೋ ಮಾಯವಾಗಿದ್ದವು, ಹಾಳಾದ ಬೊಡ್ಡೆಗಳು ಮಾತ್ರ ನೆಲ ಬಿಟ್ಟಿರಲಿಲ್ಲ. ಹಾಗಾಗಿ ಒಂದೊಂದು ಬೊಡ್ಡೆಗೂ ಗೋಣಿಚೀಲ ಹೊದಿಸಿ, ಮೇಲೊಬ್ಬ ಹೆಂಗಸನ್ನು ಕೂರಿಸುವುದೆಂದು ಗುತ್ತಿಗೆದಾರನೂ ಕಾಡು ಕಾಯಬೇಕಾದ ರೇಂಜರನೂ ತಲೆ ಓಡಿಸಿದ್ದರು. ಊಟದ ಬಿಡುವಿನಲ್ಲಿ ಕೂತ ಕೂಲಿ ಹೆಂಗಸರನ್ನು ಯಾವ ಅಧಿಕಾರಿ ತಾನೇ ಎಬ್ಬಿಸುತ್ತಾನೆ!

"ಅಲ್ಲಾಡ್ದೆ ಕೂತ್ಕೋ. ಸಂಜೆ ನಿನ್ ಮಗನ್ನ ಬಿಟ್ಬಿಡ್ತೀನಿ," ಎಂದು ರೇಂಜರ್ ಮುದುಕಿಯ ಕಿವಿಯಲ್ಲಿ ಉಸುರಿದ್ದ.

ಒಲೆಗೆಂದು ಒಂದು ಹೊರೆ ಒಣ ಪುರಲೆ ಆಯ್ದು ತಂದದ್ದಕ್ಕೆ ಮಗ ಲಾಕಪ್ಪಿನಲ್ಲಿದ್ದ. ಅವನಿಗಾಗಿ ಅವಳು ಕೆಂಡದ ಮೇಲೂ ಕೂರುತ್ತಿದ್ದಳು. ಆದರೆ ಹಸಿ ಬೊಡ್ಡೆಯ ಅಂಟು ಗೋಣಿ ದಾಟಿ ಬಟ್ಟೆಗೆ ಬಂದಿತ್ತು. ಇರುವೆಗಳು ಹೋಗಬಾರದ ಕಡೆಗೆಲ್ಲ ಹೋಗುತ್ತಿದ್ದವು.

"ಅಕ್ಕಾ, ಕಚ್ತಾ ಇದೆ ಕಣಕ್ಕಾ," ಪಕ್ಕದ ಬೊಡ್ಡೆಯಿಂದ ಅವಳ ತಂಗಿ ನರಳಿದಳು.

"ಕಚ್ಲಿ ಬಿಡೇ. ರೇಂಜರ್ ಕಚ್ಚೋದಕ್ಕಿಂತ ವಾಸಿ."

ಜೀಪು ಬಂತು. ಗುತ್ತಿಗೆದಾರನದೇ ಜೀಪು. ಸ್ವತಂತ್ರ ಅಧಿಕಾರಿ ಅದರಿಂದಿಳಿದು ಕೈಯಲ್ಲಿದ್ದ ಫೋಟೋ ನೋಡಿದರು, ತಲೆಯೆತ್ತಿ ಆಕಾಶ ನೋಡಿದರು.

"ಮೇಲಿಂದ ತೆಗೆದ ಫೋಟೋದಲ್ಲಿ ಇಲ್ಲೆಲ್ಲಾ ಬೋಳು ಕಾಣುತ್ತಲ್ರೀ?"

"ಒಬ್ಬ ಪುರಲೆ ಕಳ್ಳ ಕಡ್ಕೊಂಡು ಹೋಗಿದಾನೆ ಸಾರ್," ರೇಂಜರ್ ಹಲ್ಲು ಕಿರಿದ. "ಒಳಗೆ ಹಾಕಿದೀವಿ. ಎಲ್ಲಾ ಮರಾನೂ ಅವನ ತಲೆಗೇ ಕಟ್ಟಿದೀವಿ. ಅಂದ್ರೆ... ಅವನೇ ಒಪ್ಕೊಂಡಿದಾನೆ. ಇನ್ನು ಗಡ್ಡ ಬೆಳ್ಳಗಾಗೋವರ್ಗೂ ಹೊರಗೆ ಬರಲ್ಲ ಬಿಡಿ."

ಆ ಪುರಲೆ ಕಳ್ಳ ತನ್ನ ಮಗನೇ ಎಂದು ಮುದುಕಿಗೆ ಹೊಳೆಯಿತು. ಮಗನ ಮೇಲೆ ಹೊರಿಸಿದ ಸುಳ್ಳಿಗೆ ಕಾವಲು ಕೂತವಳು ತಾನೇ!

"ಏಳ್ರೇ ಎಲ್ಲಾ!" ಎಂದು ಕೂಗಿದಳು. "ದೊಡ್ಡೋರು ಬಂದಾಗ ಕುಂಡೆ ಊರ್ಕೊಂಡು ಕೂತಿರ್ತೀರಾ? ಮಾನ ಮರ್ಯಾದೆ ಬೇಡ್ವೇನ್ರೇ?"

ಹೆಂಗಸರು ದಡಬಡನೆ ಎದ್ದರು. ಗೋಣಿಚೀಲಗಳೂ ಅವರ ಹಿಂಭಾಗಕ್ಕೆ ಅಂಟಿಕೊಂಡು ಜೊತೆಗೇ ಎದ್ದವು. ಸಾಲು ಸಾಲು ಹಸಿ ಬೊಡ್ಡೆಗಳು ಬಿಸಿಲಿಗೆ ಬೆತ್ತಲಾದವು.

"ಕೂತ್ಕೊಳ್ರೇ ಬೇವರ್ಸಿಗಳಾ!" ಎನ್ನುತ್ತ ಗುತ್ತಿಗೆದಾರ ಓಡಿಬಂದು ಹತ್ತಿರದ ಬೊಡ್ಡೆಯ ಮೇಲೆ ತಾನೇ ಧೊಪ್ಪನೆ ಕೂತ. ರೇಂಜರ್ ಒಂದಕ್ಕೆ ಟೋಪಿ ಮುಚ್ಚಿ ಇನ್ನೊಂದರ ಮೇಲೆ ಕೂತ. ಆದರೂ ಒಬ್ಬ ಪುರಲೆ ಕಳ್ಳನಿಂದ ಕಡಿಯಲಾಗದಷ್ಟು ಬೊಡ್ಡೆಗಳು ಉಳಿದಿದ್ದವು.

ಅಧಿಕಾರಿ ಫೋಟೋ ಹಿಡಿದುಕೊಂಡು ನಿಂತಿದ್ದರು. ಮುದುಕಿ ತಾನು ಕೂತಿದ್ದ ಬೊಡ್ಡೆಯ ಮೇಲಿನ ಇರುವೆಗಳನ್ನು ಅಂಗೈಯಿಂದ ಗುಡಿಸಿದಳು.

"ಇದು ಖಾಲಿ ಇದೆ ಸ್ವಾಮಿ. ನೀವು ಕೂತ್ಕೊಳ್ತೀರೋ, ನಮ್ ಜೊತೆ ನಿಂತಿರ್ತೀರೋ?"