ಪೆನ್ನಿನ ಬಳೆ ಹೆಚ್ಚಾದದ್ದು

ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಕನ್ನಡದ್ದು. ಹುಟ್ಟಿದಾಗಿನಿಂದ ಸವಣೂರಿನಲ್ಲಿ ಇದೇ ಭಾಷೆಯಲ್ಲಿ ಗಿರಾಕಿಗಳ ಸಂಗಡ ಜಗಳಾಡಿದ್ದೇನೆ, ಬಸ್ಸಿನಲ್ಲಿ ಸೀಟು ಹಿಡಿದಿದ್ದೇನೆ. ಒಂದು ಸಲವೂ ಅದು ನನಗೆ ಹೀಗೆ ಕೈಕೊಟ್ಟಿರಲಿಲ್ಲ.

ಮಂಚಕ್ಕೆ ಈಗ ಯಾರೂ ಕಟ್ಟಿಗೆಯ ಕಾಲು ಕೇಳುವುದಿಲ್ಲ. ಹಾಗಾಗಿ ನಾನು ಲೇತಿನ ಮೇಲೆ ಕಟ್ಟಿಗೆಯ ಪೆನ್ನು ಕಡೆಯತೊಡಗಿದೆ. ನನ್ನ ಹೆಂಡತಿ ನಸೀರಾ, "ಮಂಚದ ಕಾಲು ಕಡಿಯಾಂವ ಈಗ ಕಡ್ಡಿ ಕಡ್ಯಾಕ ಕುಂತಾನ" ಎಂದು ಓಣಿಗೆಲ್ಲ ಹೇಳಿಬಂದಳು. ಲೇತು ಮಾರಿ ಆ ಜಾಗಕ್ಕೆ ಶಾವಿಗೆ ಮಷೀನು ತರಬೇಕೆಂಬುದು ಆಕೆಯ ಹಟ. ಕೊನೆಗೆ ಒಂದು ಮಾತಿಗೆ ಬಂದೆವು. ಹಾನಗಲ್ಲಿನ ಹುಲಗೇಶನ ಆರ್ಡರು ಮುಗಿಸಿಕೊಟ್ಟರೆ ಲೇತು ಉಳಿಯಬೇಕು, ಇಲ್ಲದಿದ್ದರೆ ಶಾವಿಗೆ. ಆ ದಿನದಿಂದ ನಾನು ಶಾವಿಗೆ ಪಾಯಸ ಉಣ್ಣುವುದನ್ನೇ ಬಿಟ್ಟೆ.

ಹುಲಗೇಶ ಮತ್ತು ಅವನ ಗೆಳೆಯರು ತಮ್ಮ ಹೈಸ್ಕೂಲು ಮಾಸ್ತರರಿಗೆ ಗುರುವಂದನೆ ಇಟ್ಟುಕೊಂಡಿದ್ದರು. ಪ್ರತಿ ಮಾಸ್ತರರಿಗೂ ಒಂದು ಪೆನ್ನು, ಪೆನ್ನಿನ ನಡುವಿಗೆ ಬಣ್ಣಬಣ್ಣದ ಕಟ್ಟಿಗೆಯದೊಂದು ಸುತ್ತು. ಆ ಸುತ್ತು ಒಂದೇ ತುಂಡಿನದಲ್ಲ. ಸಾಗವಾನಿ, ಬೀಟೆ, ಹಲಸಿನ ಸಣ್ಣ ಸಣ್ಣ ಚೂರುಗಳನ್ನು ಕಲ್ಲಂಗಡಿ ಹೋಳಿನ ಹಾಗೆ ಮೊನೆಯಾಗಿ ಕೊಯ್ದು, ಅಂಟು ಹಚ್ಚಿ, ದುಂಡಗೆ ಕೂಡಿಸಿ, ಮೇಲೊಂದು ರಬ್ಬರು ಬಿಗಿದು ಒಣಗಿಸಬೇಕು. ನನ್ನ ದಪ್ಪ ಬೆರಳಿಗೆ ಅದು ಆಗುವ ಮಾತಲ್ಲ. ಹತ್ತಿಮತ್ತೂರಿನ ಹಾಲವ್ವ ಹಳೆ ಅರಿವೆಯ ಚೂರುಗಳಿಂದ ಕೌದಿ ಹೊಲಿಯುವ ಹೆಣ್ಣುಮಗಳು. ಚೂರಿಗೆ ಚೂರು ಹೊಂದಿಸುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಆ ಕೆಲಸ ಆಕೆಗೇ ಒಪ್ಪಿಸಿದೆ. "ಇದಕ್ಕ ಏನಂತಾರ್ರಿ?" ಎಂದು ಕೇಳಿದಳು. ಕೈಬಳೆಯ ಹಾಗೆ ದುಂಡಗಿತ್ತಲ್ಲ, "ಪೆನ್ನಿನ ಬಳಿ ಅನ್ರಿ" ಎಂದೆ. ರಿಂಗು ಎಂದಿದ್ದರೆ ನನ್ನ ಬಾಯಿಗೇನು ಹುಳ ಬೀಳುತ್ತಿತ್ತೇ?

ಕಾರ್ಯಕ್ರಮ ಹತ್ತಿರ ಬಂದಾಗ ಹಾಲವ್ವನ ಫೋನು ಬಂತು. ಅಳುವ ದನಿ.

"ದಿಲಾವರಣ್ಣಾರ, ಬಿಸಲಿಗೆ ಇಟ್ಟಿದ್ನಿರಿ. ಒಂದೀಟು ಬಳಿ ಹೆಚ್ಚಾದೂ."

"ಹೆಚ್ಚಾದ್ರ ಚಲೋ ಆತಲ್ರಿ ಅಕ್ಕಾರ. ಅದಕ್ಯಾಕ ಅಳತೇರಿ?"

ಆಚೆ ಮೂಗು ಸೀಟಿದ ಸಪ್ಪಳವಾಯಿತು. "ಚಲೋ ಏನ್ರಿ?"

"ಭಾಳ ಚಲೋ. ಹಿಂದ ಮುಂದ ನೋಡಬ್ಯಾಡ್ರಿ. ಇದ್ದದ್ದೆಲ್ಲಾ ಹೆಚ್ಚ ಮಾಡಿಬಿಡ್ರಿ."

"ಶಾಣ್ಯಾರು ನೀವು. ನೀವ ಹೇಳಿದಮ್ಯಾಲ ಮಾಡ್ತೇನ್ರಿ" ಎಂದು ಇಟ್ಟಳು. ಸಂತೋಷಕ್ಕೆ ಅಳುವವರೂ ಇರುತ್ತಾರೆ ಎಂದುಕೊಂಡೆ. ಕೂಡಲೇ ಹುಲಗೇಶನಿಗೆ ಫೋನು ಮಾಡಿ, ಮಾಲು ಬೇಕಾದಷ್ಟಿದೆ, ಮುಖ್ಯ ಅತಿಥಿಗೂ ಒಂದು ಪೆನ್ನು, ಮೈಕಿನವನಿಗೂ ಒಂದು, ಅಡುಗೆಯವನಿಗೂ ಒಂದು ಎಂದುಬಿಟ್ಟೆ. ಅವನು ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ. ಮರುದಿನ ಹಾಲವ್ವ, "ಎಲ್ಲಾ ಹೆಚ್ಚಾದೂರಿ, ಒಂದೂ ಉಳದಿಲ್ಲ" ಎಂದಾಗ ಕಟ್ಟಿಗೆಯ ಚೂರು ಒಂದೂ ಉಳಿದಿಲ್ಲ ಎಂದು ತಿಳಿದು ಶಾಬಾಸ್ ಎಂದೆ.

ಹುಲಗೇಶನನ್ನೂ ಕರೆದುಕೊಂಡು ಚೀಲ ಹಿಡಿದು ಹತ್ತಿಮತ್ತೂರಿಗೆ ಹೋದೆ. ಹಾಲವ್ವ ಚಾಪೆ ಹಾಸಿ, "ಕುಂದರ್ರಿ" ಎಂದು ಒಳಗಿನಿಂದ ಒಂದು ಮರ ತಂದಿಟ್ಟಳು. ಅಕ್ಕಿ ಕೇರುವ ಆ ಮರದ ತುಂಬ ಬಣ್ಣಬಣ್ಣದ ಚೂರು. ಆಕೆಯ ಹೆಬ್ಬೆರಳಿಗೆ ಅರಿವೆ ಸುತ್ತಿತ್ತು.

"ಇದೇನ್ರಿ ಅಕ್ಕಾರ?"

"ಬಳಿ. ಮದಲ ಮನಸ್ಸ ಬರಲಿಲ್ರಿ. ಆಮ್ಯಾಲ ಕಲಬತ್ತಿನ್ಯಾಗ ಹಾಕಿ ಕುಟ್ಟಿದ್ನಿ. ಗಟ್ಟಿ ಇದ್ದೂ, ಭಾಳ ತ್ರಾಸ ಕೊಟ್ಟೂ."

ಹುಲಗೇಶ ತಲೆಯ ಮೇಲೆ ಕೈ ಹೊತ್ತು ಕೂತ. "ಮುತ್ತೈದಿ ಬಾಯಿಲೆ ಬಳಿ ಒಡದೂ ಅಂತ ಹೆಂಗ ಅನ್ನೂದರಿ? ಹೆಚ್ಚಾದೂ ಅಂತೇವಿ" ಎಂದು ಹಾಲವ್ವ ನನಗೆ ಮಗುವಿಗೆ ಹೇಳಿದಂತೆ ಹೇಳಿದಳು. ಬೈಯಬೇಕೆಂದು ಬಾಯಿ ತೆರೆದೆ. ಆ ಹೆಬ್ಬೆರಳು ಕಂಡಿತು. ತಾನೇ ಕೂಡಿಸಿದ್ದನ್ನು ನನ್ನ ಮಾತು ನಂಬಿ ಅತ್ತುಕೊಂಡು ಕುಟ್ಟಿದ್ದಾಳೆ, ಯಾಕೆ ಎಂದು ಒಂದು ಮಾತು ಕೇಳಿಲ್ಲ. ನನಗೇ ಅಳು ಬಂತು.

"ಆತು, ಬಳಿ ಇಲ್ಲದ ಪೆನ್ನರ ಕೊಡ್ರಿ" ಎಂದ ಹುಲಗೇಶ.

"ಶಿವನ," ಎಂದಳು ಹಾಲವ್ವ. "ಬಳಿ ಇಲ್ಲದ್ದು ಕೊಡತೀರಿ? ಮಾಸ್ತರ್ರು ಇನ್ನೂ ಗಟ್ಟಿಮುಟ್ಟ ಅದಾರ. ಅವರ ಹೆಂಡ್ರು ಏನ ತಿಳಕೋಬೇಕು?"

ಹುಲಗೇಶ ಇಂಜಿನಿಯರಿಂಗ್ ಓದಿದವನು. ಆದರೂ ಆ ಮಾತಿಗೆ ಅವನ ಮುಖ ಬಿಳಿಚಿತು. ಅಷ್ಟು ಜನ ಮಾಸ್ತರರ ಆಯುಷ್ಯ ತನ್ನ ತಲೆಗೆ ಯಾಕೆ ಎಂದು, ಬರುವ ದಾರಿಯಲ್ಲೇ ಸವಣೂರಿನಲ್ಲಿ ಇಳಿದು ಶಾಲು ಕಟ್ಟಿಸಿಕೊಂಡು ಹೋದ. ಅಡುಗೆಯವನಿಗೂ ಒಂದು ಶಾಲು.

ನಾನು ಮನೆಗೆ ಬಂದು ಖಾಲಿ ಚೀಲ ಲೇತಿನ ಮೇಲೆ ಇಟ್ಟು ಎಲ್ಲ ಹೇಳಿದೆ. ನಸೀರಾ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ನೀರು ತಂದುಕೊಟ್ಟಳು. ಲೇತಿನ ಮೇಲಿನ ಹೊಟ್ಟು ಸೆರಗಿನಿಂದ ಒರೆಸಿದಳು. ಆಮೇಲೆ ಮೆತ್ತಗೆ, ನಮ್ಮ ಮನೆಯ ಉರ್ದುವಿನಲ್ಲಿ, "ದುಕಾನ್ ಬಢಾ ದೇವ್" ಎಂದಳು.

ಅಕ್ಷರಕ್ಕೆ ಅಕ್ಷರ ನೋಡಿದರೆ ಅಂಗಡಿ ಹೆಚ್ಚಿಸು ಎಂದಾಗುತ್ತದೆ. ಆದರೆ ನಮ್ಮ ಮಂದಿಯೂ ಹೊಟ್ಟೆಗೆ ಅನ್ನ ಹಾಕಿದ ಅಂಗಡಿಯನ್ನು ಮುಚ್ಚು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಈ ಸಲ ನನಗೆ ತಕ್ಷಣ ತಿಳಿಯಿತು.