ಆಕ್ಷೇಪಣೆ ಇಲ್ಲ

ಅನುಸೂಯಮ್ಮ ಮಾತು ಬಿಟ್ಟು ಆ ಸೋಮವಾರಕ್ಕೆ ಮೂವತ್ತೆಂಟು ದಿನ. ಇನ್ನು ಹತ್ತು ದಿನ ಕಳೆದರೆ ಗುರುಪೂರ್ಣಿಮೆ, ಒಂದು ಮಂಡಲದ ಮೌನವ್ರತ ಮುಗಿದು ಬಾಯಿ ಬಿಡಬಹುದಿತ್ತು. ಅಷ್ಟರಲ್ಲಿ ಆಶ್ರಮದ ಸಮಿತಿ ಸೇರಿತು. ಕಾರ್ಯದರ್ಶಿ ಅನಿಲ್‌ಕುಮಾರ್ ಕನ್ನಡಕ ಏರಿಸಿಕೊಂಡು ಓದಿದರು:

"ಹಿಂದಿನ ಸಾಲಿನ ಆರು ಕೋಣೆಗಳನ್ನು ಮೌನ ಶಿಬಿರಕ್ಕೆ ಬರುವವರಿಗಾಗಿ ನವೀಕರಿಸುವುದು. ಅಲ್ಲಿರುವ ವಯಸ್ಸಾದ ಸಾಧಕಿಯರನ್ನು ಅವರವರ ಮನೆಯವರಿಗೆ ಒಪ್ಪಿಸುವುದು. ಮೊದಲಿಗೆ ಲಕ್ಕಮ್ಮನವರು, ಈ ಭಾನುವಾರ."

ಹೆಂಗಸರ ವಿಭಾಗದ ಉಸ್ತುವಾರಿ ಅನುಸೂಯಮ್ಮನದು. ಅವಳು ಹೂಂ ಅನ್ನದೆ ಆ ಸಾಲಿನ ಗೋಡೆಗೆ ಯಾರೂ ಒಂದು ಮೊಳೆ ಹೊಡೆದವರಲ್ಲ. ಅವಳು ತಲೆಯನ್ನು ಜೋರಾಗಿ ಅಲ್ಲಾಡಿಸಿದಳು. ಸಾಲದೆಂದು ಮೇಜಿನ ಮೇಲೆ ಅಂಗೈಯಿಂದ ಬಡಿದಳು. ಕಾಫಿ ಲೋಟಗಳು ಎಗರಿಬಿದ್ದವು.

"ಮಾತಾಜಿ, ಸಮಾಧಾನ," ಅಂದರು ಅನಿಲ್‌ಕುಮಾರ್. "ವ್ರತದಲ್ಲಿ ಸನ್ನೇನೂ ಮಾತೇ ಅಲ್ವಾ? ನಿಮಗೆ ಗೊತ್ತಿಲ್ದೇ ಇರೋದಾ."

ಅನುಸೂಯಮ್ಮ ಸ್ವಾಮೀಜಿಯವರ ಕಡೆ ನೋಡಿದಳು. ಅರ್ಧ ಕಣ್ಣು ಮುಚ್ಚಿ ಕೂತಿದ್ದ ಅವರು ಒಂದು ಬೆರಳೆತ್ತಿದರು, ಅಷ್ಟೇ. ಅಲ್ಲಾಡುತ್ತಿದ್ದ ತಲೆ ನಿಂತುಹೋಯಿತು. ಮೂವತ್ತೊಂದು ವರ್ಷದ ಅಭ್ಯಾಸ. ಆ ಬೆರಳು ಏಳಿಸಿದರೆ ಏಳುವುದು, ಕೂರಿಸಿದರೆ ಕೂರುವುದು. ಅನಿಲ್‌ಕುಮಾರ್ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಗಟ್ಟಿಯಾಗಿಯೇ ಹೇಳಿಕೊಂಡರು: "ಉಸ್ತುವಾರಿ ಮಾತಾಜಿಯವರಿಂದ ಆಕ್ಷೇಪಣೆ ಇಲ್ಲ."

ಅವಳು ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿ. ನಡುಮನೆಯಲ್ಲಿ ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದ ಮನೆ ಅದು, ಉಪ್ಪು ಕೇಳಬೇಕಾದರೂ ಕೂಗಬೇಕಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಿಳಿ ಸೀರೆ ಉಟ್ಟು ಇಲ್ಲಿಗೆ ಬಂದಾಗ ಅವಳ ಜೊತೆ ಆ ಗಂಟಲೂ ಬಂತು. ಮಾಕಳಿದುರ್ಗದ ಬೆಟ್ಟ ಕಾಣುವ ಈ ಅಂಗಳದಲ್ಲಿ ಬೆಳಗಿನ ಭಜನೆಗೆ ಅವಳು ಬಾಯಿ ತೆಗೆದರೆ ಮೈಕು ಬೇಕಿರಲಿಲ್ಲ. ಕೆಲಸದವರಿಗೆ ಕೂಲಿ ತಡವಾದರೆ ಸಮಿತಿಯವರ ಮುಖದ ಮೇಲೆ ಕೇಳುವುದಕ್ಕೂ ಅದೇ ಗಂಟಲು. ಹೋದ ತಿಂಗಳು ಸ್ವಾಮೀಜಿ ಕರೆಸಿಕೊಂಡು ಹೇಳಿದ್ದರು: "ನಿನ್ನ ಸೇವೆಯಲ್ಲಿ ಕೊರತೆಯಿಲ್ಲ ಅನುಸೂಯಾ. ಗಂಟಲಲ್ಲಿ ಮಾತ್ರ ಅಹಂಕಾರ ಉಳ್ಕೊಂಡಿದೆ. ಒಂದು ಮಂಡಲ ಮೌನ ಹಿಡಿ."

ಅವತ್ತು ಅವಳು ಕುಣಿದಾಡುವಷ್ಟು ಖುಷಿಪಟ್ಟಿದ್ದಳು. ಇಷ್ಟು ಜನರಲ್ಲಿ ಗುರುಗಳು ತನ್ನೊಬ್ಬಳ ದೋಷವನ್ನು ಗುರುತಿಸಿದರಲ್ಲ, ತನಗೊಬ್ಬಳಿಗೇ ಇಂಥ ವ್ರತ ಕೊಟ್ಟರಲ್ಲ ಎಂದು ಪಾದಕ್ಕೆ ಹಣೆ ಹಚ್ಚಿ ಅತ್ತಿದ್ದಳು. ಅದನ್ನು ನೆನೆದರೆ ಈಗ ಮೈಯೆಲ್ಲಾ ಉರಿಯುತ್ತಿತ್ತು.

ಬುಧವಾರ ಮಧ್ಯಾಹ್ನ ಹಿಂದಿನ ಸಾಲಿಗೆ ಹೋದಾಗ ಲಕ್ಕಮ್ಮ ಜಗುಲಿಯಲ್ಲಿ ಕಾಲು ಚಾಚಿಕೊಂಡು ದೀಪದ ಬತ್ತಿ ಹೊಸೆಯುತ್ತಿದ್ದಳು. ಎಂಬತ್ತರ ಮುದುಕಿ. ಈ ಆರು ಕೋಣೆ ಕಟ್ಟುವಾಗ ತಲೆಯ ಮೇಲೆ ಇಟ್ಟಿಗೆ ಹೊತ್ತವಳು. ಅನುಸೂಯ ಹೊಸದಾಗಿ ಬಂದು ಮನೆ ನೆನೆದು ಅಳುತ್ತಿದ್ದಾಗ ಪಕ್ಕದಲ್ಲಿ ಮಲಗಿಸಿಕೊಂಡವಳು.

"ಬಾ, ಕೂತ್ಕೊ," ಅಂದಳು ಲಕ್ಕಮ್ಮ, ಮುಖ ಎತ್ತದೆ. "ಅನಿಲಪ್ಪ ಬಂದು ಹೇಳ್ಬಿಟ್ಟು ಹೋದ. ನೀನೂ ಇದ್ಯಂತಲ್ಲ ಮೀಟಿಂಗಲ್ಲಿ. ನಿಂದೂ ಒಪ್ಗೆ ಐತಂತೆ."

ಅನುಸೂಯಮ್ಮ ಅವಳ ಎದುರಿಗೆ ಕೂತಳು.

"ಬೇಜಾರಿಲ್ಲ ಕಣೇ. ನೀನಾದ್ರೂ ಏನ್ ಮಾಡ್ತೀಯ, ನಮ್ಮ ಉಚ್ಚೆ ಬಟ್ಟೆ ಒಗ್ದೂ ಒಗ್ದೂ ಸಾಕಾಗಿರ್ಬೇಕು." ಮುದುಕಿ ಇನ್ನೊಂದು ಎಳೆ ಹತ್ತಿ ಎಳೆದಳು. "ತ್ಯಾಮಗೊಂಡ್ಲಲ್ಲಿ ನನ್ನ ತಮ್ಮನ ಮಗ ಅವ್ನಲ್ಲ, ಕೆಂಪರಾಜ, ಅವನಿಗೆ ಫೋನ್ ಮಾಡಿದ್ರಂತೆ. 'ಎರಡು ದಿನಕ್ಕಾದ್ರೆ ಕಳ್ಸಿ ಸಾರ್' ಅಂದ್ನಂತೆ. ಎರಡೇ ದಿನ್ದಲ್ಲಿ ಸಾಯೋದು ನನ್ ಕೈಲಾಗ್ತದಾ, ನೀನೇ ಹೇಳು."

ಹೇಳಲು ಅನುಸೂಯಮ್ಮನ ಬಾಯಿ ತೆರೆಯಿತು. ಲಕ್ಕಮ್ಮ ಚಂಗನೆ ಮುಂದಕ್ಕೆ ಬಾಗಿ ಹತ್ತಿ ಮೆತ್ತಿದ ಅಂಗೈಯಿಂದ ಆ ಬಾಯಿ ಮುಚ್ಚಿದಳು. "ಬ್ಯಾಡ, ಬ್ಯಾಡ! ಗುರುಗಳು ಕೊಟ್ಟಿರೋ ವ್ರತ. ನನ್ನಿಂದ ಕೆಡಬಾರ್ದು."

ಅನುಸೂಯಮ್ಮ ಅಡುಗೆಮನೆಗೆ ಹೋಗಿ ಕುಂಬಳಕಾಯಿ ಹೆಚ್ಚತೊಡಗಿದಳು. ಹತ್ತು ಜನಕ್ಕೆ ಬೇಕಾದ ಹುಳಿಗೆ ಐವತ್ತು ಜನಕ್ಕಾಗುವಷ್ಟು ಹೆಚ್ಚಿದ ಮೇಲೆಯೇ ಕೈ ನಿಂತದ್ದು. ಸಿಟ್ಟು ಅನಿಲ್‌ಕುಮಾರರ ಮೇಲೆ ಎಂದುಕೊಂಡಳು. ಅವರ ಮೇಲಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು.

ಸಂಜೆ ಸ್ವಾಮೀಜಿಯವರಿಗೆ ಹಾಲು ಕೊಡುವಾಗ ಲೋಟದ ಜೊತೆಗೆ ಸ್ಲೇಟನ್ನೂ ಮುಂದಿಟ್ಟಳು. ವ್ರತದವರು ತೀರಾ ಅಗತ್ಯವಿದ್ದರೆ ಬರೆದು ತೋರಿಸಲು ಇಟ್ಟುಕೊಳ್ಳುವ ಸ್ಲೇಟು. ಅದರಲ್ಲಿ ದೊಡ್ಡದಾಗಿ ಬರೆದಿದ್ದಳು: 'ಲಕ್ಕಮ್ಮಕ್ಕ ಹೋಗಬಾರದು. ನಾನು ಒಪ್ಪಿಲ್ಲ.'

ಸ್ವಾಮೀಜಿ ಓದಿದರು. ಶಾಲಿನ ಅಂಚಿನಿಂದ ತಾವೇ ಒರೆಸಿದರು. ಒಂದು ಅಕ್ಷರವೂ ಉಳಿಯದ ಹಾಗೆ, ನಿಧಾನವಾಗಿ, ಪೂಜೆಯ ತಟ್ಟೆ ಒರೆಸುವಂತೆ.

"ಹುಣ್ಣಿಮೆ ಆಗ್ಲಿ ತಾಯಿ," ಅಂದರು ಮೆಲ್ಲಗೆ. "ವ್ರತ ಮುಗಿದ ಮೇಲೆ ನೀನು ಏನು ಹೇಳ್ತೀಯೋ ಕೂತು ಕೇಳ್ತೀನಿ."

ಹುಣ್ಣಿಮೆ ಮುಂದಿನ ವಾರದ ಗುರುವಾರ. ಲಕ್ಕಮ್ಮನ ಕಾರು ಈ ಭಾನುವಾರ. ಲೋಟ ತೊಳೆಯುತ್ತಾ ನಿಂತಾಗ ಅವಳಿಗೆ ಅರ್ಥವಾಯಿತು. ಇವರು ಕೇಳುವುದು ಎಲ್ಲ ಮುಗಿದ ಮೇಲೆ. ಗಂಟಲಲ್ಲಿ ಕಂಡದ್ದು ಅಹಂಕಾರವಲ್ಲ, ಅಡ್ಡಿ. ಮೀಟಿಂಗಿನ ದಿನ ಯಾವತ್ತು ಬರುತ್ತದೆಂದು ಲೆಕ್ಕ ಹಾಕಿಯೇ ವ್ರತದ ದಿನ ಇಟ್ಟಿದ್ದಾರೆ. ಲೋಟ ಕೈಯಿಂದ ಜಾರಿ ಬಚ್ಚಲಲ್ಲಿ ಉರುಳಿತು. ಅವಳು ಬಗ್ಗಿ ಎತ್ತಲಿಲ್ಲ.

ಭಾನುವಾರ ಬೆಳಗ್ಗೆ ಅಂಗಳದ ತುಂಬ ಬೆಂಗಳೂರಿನ ಕಾರುಗಳು. ಶನಿವಾರ ಬೆಟ್ಟ ಹತ್ತಿ, ಭಾನುವಾರ ಮೌನ ಹಿಡಿದು, ಸೋಮವಾರ ಆಫೀಸಿಗೆ ಹೋಗುವ ಮಕ್ಕಳು. ಅನಿಲ್‌ಕುಮಾರ್ ಅವರನ್ನು ಸಾಲಾಗಿ ನಿಲ್ಲಿಸಿ ಅನುಸೂಯಮ್ಮನನ್ನು ತೋರಿಸುತ್ತಿದ್ದರು. "ಇವ್ರು ನಮ್ಮ ಮೌನ ಮಾತಾಜಿ. ಇವತ್ತಿಗೆ ನಲವತ್ನಾಲ್ಕು ದಿನ. ಒಂದೇ ಒಂದು ಶಬ್ದ ಇಲ್ಲ."

ಟೋಪಿ ಹಾಕಿದ್ದ ಹುಡುಗಿಯೊಬ್ಬಳು ಕೈ ಮುಗಿದು ಪಿಸುಗುಟ್ಟಿದಳು: "ಆಂಟಿ, ನೀವು ಸೂಪರ್. ನನ್ ಕೈಲಿ ನಲವತ್ನಾಲ್ಕು ನಿಮಿಷ ಆಗಲ್ಲ."

ಅದೇ ಹೊತ್ತಿಗೆ ಹಿಂದಿನ ಸಾಲಿನ ಕಡೆಯಿಂದ ಆಶ್ರಮದ ಡ್ರೈವರ್ ಬೈರಣ್ಣ ಒಂದು ತಗಡಿನ ಟ್ರಂಕು ಹೊತ್ತು ಬಂದ. ಕಾರಿನ ಡಿಕ್ಕಿಯಲ್ಲಿ ಇಟ್ಟು ಧಡ್ ಎಂದು ಮುಚ್ಚಿದ. ಹಿಂದಿನ ಸೀಟಿನಲ್ಲಿ ಲಕ್ಕಮ್ಮ ಆಗಲೇ ಕೂತಾಗಿತ್ತು. ಒಗೆದ ಬಿಳಿ ಸೀರೆ, ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ. ಅವಳು ಯಾರ ಕಡೆಯೂ ನೋಡುತ್ತಿರಲಿಲ್ಲ.

ಅನುಸೂಯಮ್ಮ ಸಾಲು ಬಿಟ್ಟು ನಡೆದಳು. ಕಾರಿನ ಮುಂದೆ ಹೋಗಿ ನಿಂತಳು.

"ಡಿಕ್ಕಿ ತೆಗಿ."

ಮೊದಲ ಸಲ ಬರೀ ಗಾಳಿ ಬಂತು. ಬೈರಣ್ಣ ಕಣ್ಣು ಕಣ್ಣು ಬಿಟ್ಟ. ಅವಳು ಎಂಜಲು ನುಂಗಿಕೊಂಡು ಇನ್ನೊಮ್ಮೆ ಹೇಳಿದಳು. ಈ ಸಲ ಗಂಟಲು ಹರಿಯುವ ಬಟ್ಟೆಯ ಹಾಗೆ ಪರ್‍ರೆಂದಿತು.

"ಡಿಕ್ಕಿ ತೆಗಿಯೋ ಬೈರಣ್ಣ! ಕೇಳಿಸ್ಲಿಲ್ವಾ?"

"ಅಮ್ಮಾ... ನೀವು ಮಾತಾಡ್ತಾ ಇದೀರ!"

"ಹೂಂ, ಮಾತಾಡ್ತಾ ಇದೀನಿ. ತೆಗಿ."

ಅನಿಲ್‌ಕುಮಾರ್ ಓಡಿ ಬಂದರು. "ಮಾತಾಜಿ! ವ್ರತ! ಇನ್ನು ನಾಲ್ಕೇ ದಿನ..."

"ಇಟ್ಕೊಳ್ಳಿ ನಿಮ್ಮ ನಾಲ್ಕು ದಿನಾನ. ಹೋಗಿ ಆ ನಡಾವಳಿ ಪುಸ್ತಕ ತನ್ನಿ. ಆಕ್ಷೇಪಣೆ ಇಲ್ಲ ಅಂತ ಬರ್ಕೊಂಡ್ರಲ್ಲ, ಈಗ ಇದೆ ಅಂತ ಬರೀರಿ. ನನ್ನ ಕಣ್ಣೆದುರು ಬರೀರಿ."

"ಶಿಬಿರದವರಿದ್ದಾರೆ, ಸ್ವಲ್ಪ ಮೆಲ್ಲಗೆ..."

"ಅವ್ರು ಕೇಳ್ಲಿ ಅಂತಾನೇ! ಏನಮ್ಮಾ, ಟೋಪಿ," ಎಂದು ಆ ಹುಡುಗಿಯ ಕಡೆ ತಿರುಗಿದಳು, "ಈ ಅಜ್ಜೀನ ಆಚೆ ಹಾಕಿ ಆ ರೂಮನ್ನ ನಿಮಗೆ ಕೊಡ್ತಾರಂತೆ. ಅಲ್ಲಿ ಕೂತು ಮೌನ ಮಾಡ್ತೀಯಾ?"

ಹುಡುಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಜಗುಲಿಯ ಮೇಲೆ ಸ್ವಾಮೀಜಿ ಬಂದು ನಿಂತಿದ್ದರು. "ಅನುಸೂಯಾ, ಒಳಗೆ ಬಾ."

"ಇಲ್ಲೇ ಹೇಳಿ ಸ್ವಾಮೀಜಿ."

ಬೆರಳು ಮೇಲೆದ್ದಿತು. ಅನುಸೂಯಮ್ಮನ ಮಂಡಿ ತನ್ನಷ್ಟಕ್ಕೆ ತಾನೇ ಮಡಚಲು ಹೊರಟಿತು. ಅವಳು ಕಾರಿನ ಬಾನೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

"ವ್ರತ ಮುರಿದವರು ಪೂರ್ಣಿಮೆಯ ದಿನ ಪಾದಪೂಜೆಗೆ ಕೂರೋ ಹಾಗಿಲ್ಲ," ಅಂದರು ಸ್ವಾಮೀಜಿ. ದನಿಯಲ್ಲಿ ಒಂದಿಷ್ಟೂ ಕೋಪವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಕೂರಲ್ಲ. ಉಸ್ತುವಾರಿ ಬೇಡ ಅಂದ್ರೆ ಅದನ್ನೂ ಬಿಡ್ತೀನಿ. ಆದ್ರೆ ಈ ಅಕ್ಕನ್ನ ಕಳಿಸೋಕೆ ನನ್ನ ಬಾಯಿಗೆ ಬೀಗ ಹಾಕಿದ್ರಲ್ಲ, ವ್ರತ ಅಂತ ಹೆಸರಿಟ್ಟು, ಅದನ್ನ ಹ್ಯಾಗೆ ಮರೀಲಿ? ನಾನು ನಿಮ್ಮ ಪಾದ ಹಿಡ್ಕೊಂಡು ಅತ್ತಿದ್ದೆ ಅವತ್ತು. ಖುಷಿಗೆ ಅತ್ತಿದ್ದೆ."

ಸ್ವಾಮೀಜಿ ತಿರುಗಿ ಒಳಗೆ ಹೋದರು. ಅನಿಲ್‌ಕುಮಾರ್ ಅವರ ಹಿಂದೆಯೇ ಹೋದರು. ಪುಸ್ತಕವಂತೂ ಬರಲಿಲ್ಲ. ಬೈರಣ್ಣ ಮಾತ್ರ ಯಾರನ್ನೂ ಕೇಳದೆ ಡಿಕ್ಕಿ ತೆಗೆದು ಟ್ರಂಕನ್ನು ನೆಲಕ್ಕಿಳಿಸಿದ.

ಕಾರಿನ ಬಾಗಿಲು ತೆರೆದು ಲಕ್ಕಮ್ಮ ಕೆಳಗಿಳಿದಳು. ಮುಖ ಕೆಂಡವಾಗಿತ್ತು.

"ಹುಚ್ಚಿ! ನಲವತ್ನಾಲ್ಕು ದಿನ ಬಾಯಿ ಕಟ್ಟಿ ಇವತ್ತು ಈ ಹಳೇ ಟ್ರಂಕಿಗೋಸ್ಕರ ಕೆಡಿಸ್ಕೊಂಡ್ಯಲ್ಲೇ! ಗುರುಗಳಿಗೆ ಎದುರು ಮಾತಾಡ್ತೀಯಾ? ನಾನು ಹೇಳಿದ್ನಾ ನಿಂಗೆ, ಮಾತಾಡು ಅಂತ?"

"ಇಲ್ಲ ಅಕ್ಕ."

"ಮತ್ತೆ? ಒಪ್ಗೆ ಇಲ್ದಿದ್ರೆ ಅವತ್ತೇ ಮೀಟಿಂಗಲ್ಲೇ ಹೇಳ್ಬೇಕಿತ್ತು. ಏನಂದೆ ಅವತ್ತು?"

ಅನುಸೂಯಮ್ಮನಿಗೆ ಹೇಳಲು ಬೇಕಾದಷ್ಟಿತ್ತು. ತಲೆ ಅಲ್ಲಾಡಿಸಿದ್ದೆ, ಮೇಜು ಬಡಿದಿದ್ದೆ, ಗುರುಗಳು ಬೆರಳೆತ್ತಿದರು, ಸ್ಲೇಟಿನಲ್ಲಿ ಬರೆದಿದ್ದೆ. ಯಾವುದನ್ನೂ ಹೇಳಲು ಮನಸ್ಸು ಬರಲಿಲ್ಲ.

"ಏನೂ ಅನ್ಲಿಲ್ಲ ಅಕ್ಕ. ಸುಮ್ನಾಗ್ಬಿಟ್ಟೆ."

"ಥೂ ನಿನ್ನ."

ಲಕ್ಕಮ್ಮ ಪ್ಲಾಸ್ಟಿಕ್ ಚೀಲವನ್ನು ಕಂಕುಳಿಗೆ ಸಿಗಿಸಿಕೊಂಡು, ಬಗ್ಗಿ, ಟ್ರಂಕಿನ ಒಂದು ಬದಿಯ ಹಿಡಿಗೆ ಕೈ ಹಾಕಿದಳು.

"ಬಾಯಿ ನೋಡ್ಕೊಂಡು ನಿಂತಿದ್ದು ಸಾಕು. ಆ ಕಡೆ ಹಿಡಿ."